ಕತ್ತು, ಹೆಗಲ ನೋವಿಗೆ ಡ್ರೈ ನೀಡ್ಲಿಂಗ್: ಮಾಡಿಸಿಕೊಳ್ಳುವವರಿಗೆ ಕೈಪಿಡಿ

ಕತ್ತಿನಿಂದ ಹೆಗಲಿಗೆ ಇಳಿಯುವ ದಪ್ಪ ಸ್ನಾಯುವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿ ನೋಡಿ. ಹುರಿಗೊಂಡ ದಾರದಂಥ ಎಳೆಯೊಂದು ಸಿಗಬಹುದು. ಅದರಲ್ಲಿ ಒಂದು ಜಾಗ ಒತ್ತಿದೊಡನೆ ನಿಮ್ಮ ಎಂದಿನ ನೋವೇ ಎದ್ದು ಕಿವಿಯ ಹಿಂದಕ್ಕೋ ಕಣತಲೆಗೋ ಹರಿದರೆ ಅದನ್ನು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಡ್ರೈ ನೀಡ್ಲಿಂಗ್‌ನಲ್ಲಿ ಸೂಜಿ ಚುಚ್ಚುವುದು ಅಲ್ಲಿಗೆ. ಔಷಧಿ ಏನೂ ಒಳಗೆ ಹೋಗುವುದಿಲ್ಲ, ಅದಕ್ಕೇ ‘ಡ್ರೈ’. ಸಾಮಾನ್ಯವಾಗಿ 0.25ರಿಂದ 0.30 ಮಿ.ಮೀ. ದಪ್ಪದ, ಒಳಗೆ ಟೊಳ್ಳಿಲ್ಲದ ಸೂಜಿ ಬಳಸುತ್ತಾರೆ.

ಸೂಜಿ ಎಷ್ಟೇ ತೆಳುವಾಗಿದ್ದರೂ ಇದನ್ನು ಮನೆಯಲ್ಲಿ ಮಾಡಿಕೊಳ್ಳಬಾರದು. ಹೆಗಲ ಸ್ನಾಯುವಿನ ಅಡಿಯಲ್ಲೇ ಶ್ವಾಸಕೋಶದ ತುದಿ ಇರುತ್ತದೆ. ಕೆಲವೇ ಮಿಲಿಮೀಟರ್ ತಪ್ಪಿದರೂ ಅದಕ್ಕೆ ತೂತು ಬೀಳಬಹುದು.

ನೋವು ಸ್ನಾಯುವಿನದೇ ಎಂಬುದು ಮೊದಲು ಖಚಿತವಾಗಲಿ. ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡಿಗೆ ತಪ್ಪುವುದು, ಜ್ವರ, ಬಿದ್ದು ಪೆಟ್ಟಾಗಿರುವುದು: ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರನ್ನು ಕಾಣಬೇಕು. ಎದೆ ಬಿಗಿತ, ಬೆವರಿನ ಜೊತೆ ಹೆಗಲು ನೋಯುತ್ತಿದ್ದರೆ ಅದನ್ನು ಹೃದಯದ ತೊಂದರೆಯೆಂದೇ ಎಣಿಸಿ ತಡಮಾಡದೆ ಆಸ್ಪತ್ರೆಗೆ ಹೋಗಿ.

ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಧಾರಣೆ, ರೋಗನಿರೋಧಕ ಶಕ್ತಿಯ ಕೊರತೆ, ಹಿಂದೆ ಸೂಜಿ ಕಂಡು ತಲೆಸುತ್ತಿದ್ದು, ಇವನ್ನೆಲ್ಲ ಚಿಕಿತ್ಸಕರು ಕೇಳದಿದ್ದರೂ ನೀವೇ ಹೇಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಕೈ ಊದಿಕೊಂಡಿದ್ದರೆ ಆ ಕೈಗೆ ಸೂಜಿ ಬೇಡ. ಬರಿಹೊಟ್ಟೆಯಲ್ಲಿ ಹೋದರೆ ತಲೆಸುತ್ತುವುದು ಹೆಚ್ಚು, ಆದ್ದರಿಂದ ಸ್ವಲ್ಪ ಏನಾದರೂ ತಿಂದು ಹೋಗಿ.

ಮಂಚದ ಮೇಲೆ ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿಸುತ್ತಾರೆ. ಕುಳ್ಳಿರಿಸಿ ಚುಚ್ಚಲು ಹೊರಟರೆ ಮಲಗಿಯೇ ಮಾಡಿ ಎಂದು ಕೇಳಿ. ಪ್ರಜ್ಞೆ ತಪ್ಪಿದರೂ ಬೀಳುವ ಭಯವಿರುವುದಿಲ್ಲ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಬಳಸಿದ ಸೂಜಿ ನೇರವಾಗಿ ಗಟ್ಟಿ ಡಬ್ಬಿಗೆ ಬೀಳಬೇಕು.

ಕತ್ತಿನಿಂದ ಹೆಗಲಿಗೆ ಇಳಿಯುವ ಆ ದಪ್ಪ ಸ್ನಾಯುವಿಗೆ, ಅಂದರೆ ಟ್ರಪೀಜಿಯಸ್‌ಗೆ ಚುಚ್ಚುವಾಗ ನೋಡಬೇಕಾದದ್ದು ಚಿಕಿತ್ಸಕರ ಇನ್ನೊಂದು ಕೈ. ಆ ಕೈ ಸ್ನಾಯುವನ್ನು ಚಿವುಟಿದಂತೆ ಮೇಲೆತ್ತಿ ಹಿಡಿದಿರಬೇಕು, ಸೂಜಿ ಆ ಬೆರಳುಗಳ ನಡುವೆಯೇ ಹಾಯಬೇಕು. ಎತ್ತಿ ಹಿಡಿಯದೆ ನೇರ ಕೆಳಮುಖವಾಗಿ ಎದೆಗೂಡಿನತ್ತ ಇಳಿಸುವುದು ಅಪಾಯದ ದಾರಿ. ಸೂಜಿ ಬಿಗಿ ಎಳೆಯನ್ನು ತಾಕಿದಾಗ ಸ್ನಾಯು ತಾನಾಗಿಯೇ ಒಮ್ಮೆ ಅದುರುವುದುಂಟು. ಕ್ಷಣಕಾಲದ ಸೆಳೆತ, ಅಷ್ಟೆ. ಅದುರಲಿಲ್ಲವೆಂದು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಡಿ, ಅದುರದೆಯೂ ನೋವು ಇಳಿಯಬಹುದು. ಕರೆಂಟು ಹೊಡೆದಂತೆ ನೋವು ಕೈಗೆ ಹರಿದರೆ ನರ ತಾಕಿರಬಹುದು. ಕೂಡಲೇ ಹೇಳಿ, ಸೂಜಿ ತೆಗೆಸಿ.

ಅಂದು ಮತ್ತು ಮರುದಿನ ವ್ಯಾಯಾಮ ಮಾಡಿದ ಮೇಲೆ ಬರುವಂಥ ಮೈನೋವು ಇರುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಣ್ಣ ಕಂದು ಕಲೆಯೂ ಸಹಜ. ಆದರೆ ಉಸಿರಾಡುವಾಗ ಎದೆ ಚುಚ್ಚಿದರೆ, ಏದುಸಿರು ಅಥವಾ ಒಣಕೆಮ್ಮು ಶುರುವಾದರೆ ಅದು ಸೂಜಿನೋವಲ್ಲ, ಶ್ವಾಸಕೋಶಕ್ಕೆ ತೂತು ಬಿದ್ದಿರಬಹುದು. ಇದು ಮನೆಗೆ ಬಂದು ಹಲವು ಗಂಟೆಗಳಾದ ಮೇಲೂ ಕಾಣಿಸಿಕೊಳ್ಳುತ್ತದೆ. ತುರ್ತು ವಿಭಾಗಕ್ಕೆ ಹೋದಾಗ ಹೆಗಲಿಗೆ ಸೂಜಿ ಚುಚ್ಚಿಸಿಕೊಂಡದ್ದನ್ನು ಮೊದಲ ಮಾತಾಗಿ ಹೇಳಿ.

ನೀಡ್ಲಿಂಗ್ ಕೊಡುವ ಆರಾಮ ಬಹುಮಟ್ಟಿಗೆ ಅಲ್ಪಕಾಲದ್ದು. ಆ ಸಡಿಲ ಸಿಕ್ಕ ದಿನಗಳಲ್ಲೇ ವ್ಯಾಯಾಮ ಶುರುಮಾಡದಿದ್ದರೆ ಗಂಟು ಅದೇ ಜಾಗಕ್ಕೆ ಮರಳುವುದು ಸಾಮಾನ್ಯ. ಬಲ ಹೆಗಲು ನೋಯುತ್ತಿದ್ದರೆ ಬಲಗೈಯಿಂದ ಕುರ್ಚಿಯ ಅಂಚು ಹಿಡಿದು, ತಲೆಯನ್ನು ಎಡಕ್ಕೆ ವಾಲಿಸಿ 30 ಸೆಕೆಂಡು ನಿಲ್ಲಿಸಿ. ಹೀಗೆ ಮೂರು ಸಲ. ಎಳೆತ ಸಾಕು, ನೋವಾಗಬಾರದು. ಕತ್ತು ತಿರುಗಿಸುವುದೇ ಕಷ್ಟವಾಗಿದ್ದರೆ ಮುಖವನ್ನು ಎಡಕ್ಕೆ ಅರ್ಧ ತಿರುಗಿಸಿ ಎಡ ಕಂಕುಳ ಕಡೆ ಬಗ್ಗಿಸಿ. ಮೈನೋವು ಇಳಿದ ಮೇಲೆ ಹಗುರ ತೂಕ ಹಿಡಿದು ಹೆಗಲು ಮೇಲೆತ್ತುವುದನ್ನೂ ಸೇರಿಸಿ. ಎಳೆದರಷ್ಟೇ ಸಾಲದು, ಸ್ನಾಯು ಬಲಗೊಳ್ಳಲೂ ಬೇಕು.

ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಿಸಿದ ಮೇಲೂ ಕತ್ತು ಮೊದಲಿಗಿಂತ ಹೆಚ್ಚು ತಿರುಗದಿದ್ದರೆ ಇನ್ನಷ್ಟು ಸೂಜಿ ಬೇಡ, ನೋವಿನ ಮೂಲವನ್ನೇ ಮತ್ತೆ ಪರೀಕ್ಷಿಸಲು ಕೇಳಿ.