ದನಿ ಕೇಳಿ ಅಪರೂಪದ ಹಕ್ಕಿಯನ್ನು ಗುರುತಿಸುವ ಬಗೆ

ಬೆಂಗಳೂರಿನ ಹಳೆಯ ಮರಗಳ ಕೆಳಗೆ ದುರ್ಬೀನು ಹಿಡಿದು ನಿಂತವರಿಗೆಲ್ಲ ತಿಳಿದಿರುವಂತೆ, ಕಣ್ಣಿಗೆ ಬೀಳುವ ಹಕ್ಕಿಗಳಿಗಿಂತ ಕಿವಿಗೆ ಬೀಳುವ ಹಕ್ಕಿಗಳೇ ಹೆಚ್ಚು. ದನಿಯಿಂದಲೇ ಅಪರೂಪದ ಹಕ್ಕಿಯನ್ನು ಪತ್ತೆ ಹಚ್ಚಬೇಕೆಂಬ ಆಸೆ ಹುಟ್ಟಿದ ಕೂಡಲೇ ಹಲವರು ಅಪರೂಪದ ಹಕ್ಕಿಗಳ ಧ್ವನಿಮುದ್ರಣಗಳನ್ನೇ ಕೇಳಲು ತೊಡಗುತ್ತಾರೆ. ನನ್ನ ಅನುಭವದಲ್ಲಿ ಇದು ತಲೆಕೆಳಗಾದ ಕ್ರಮ. ಬಡಾವಣೆಯಲ್ಲಿ ದಿನವೂ ಕೂಗುವ ಹದಿನೈದಿಪ್ಪತ್ತು ಹಕ್ಕಿಗಳ ದನಿ ಯೋಚಿಸದೆಯೇ ಗುರುತು ಸಿಗುವಷ್ಟು ಪಳಗಿದ ಮೇಲೆ, ಅವುಗಳಲ್ಲಿ ಯಾವುದಕ್ಕೂ ಸೇರದೆ ಉಳಿಯುವ ದನಿಯನ್ನು ಮಾತ್ರ ಬೆನ್ನಟ್ಟಿದರೆ ಸಾಕು.

ಆದ್ದರಿಂದ ಮೊದಲ ಎರಡು ಮೂರು ತಿಂಗಳನ್ನು ಪರಿಚಿತ ಹಕ್ಕಿಗಳಿಗೇ ಮೀಸಲಿಡಬೇಕು. ಕೋಗಿಲೆಯನ್ನು ಎಲ್ಲರೂ ಬಲ್ಲರೆಂಬುದು ಅರ್ಧ ಸತ್ಯ. ಏರುತ್ತ ಹೋಗುವ ‘ಕುಹೂ’ ಗಂಡಿನದು. ಚುಕ್ಕೆಗಳುಳ್ಳ ಹೆಣ್ಣು ‘ಕಿಕ್ ಕಿಕ್ ಕಿಕ್’ ಎಂದು ಗಾಬರಿಯಿಂದ ಚೀರುತ್ತ ಹಾರುವಾಗ ಅದನ್ನು ಬೇರೆಯೇ ಹಕ್ಕಿಯೆಂದು ಬರೆದುಕೊಂಡವರು ಎಷ್ಟೋ ಜನ. ಕುಟ್ರು ಹಕ್ಕಿಯು ಮೊದಲಿಗೆ ಗಂಟಲು ಸರಿಮಾಡಿಕೊಳ್ಳುವಂತೆ ‘ಟ್ರ್‌ರ್‌ರ್’ ಎಂದು, ಬಳಿಕ ‘ಕುಟ್ರೂ ಕುಟ್ರೂ’ ಎಂದು ಬಿಡುವಿಲ್ಲದೆ ಕೂಗುತ್ತದೆ. ಅದೇ ಬಳಗದ ಕಂಚುಕುಟಿಗವು ಪಾತ್ರೆಯಂಗಡಿಯ ಸುತ್ತಿಗೆಯ ಪೆಟ್ಟಿನಂತೆ ಸಮಾನ ಅಂತರದಲ್ಲಿ ‘ಟುಕ್ ಟುಕ್’ ಎನ್ನುತ್ತದೆ. ಕೂಗುವಾಗ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ಬಂದಂತಾಗಿ, ಒಂದೇ ಹಕ್ಕಿ ಎರಡೆಂಬ ಭ್ರಮೆ ಹುಟ್ಟಿಸುತ್ತದೆ. ಕೆಂಬೂತದ ಗುಹೆಯೊಳಗಿನಂಥ ‘ಗೂಪ್ ಗೂಪ್’, ಮಿಂಚುಳ್ಳಿಯ ಕೆಳಗಿಳಿಯುವ ಕಿಲಕಿಲ, ಗಾತ್ರಕ್ಕೆ ಮೀರಿ ಕೂಗುವ ಸಿಂಪಿಗ, ಬೇಸಿಗೆಯ ನಸುಕಿನಲ್ಲಿ ಸಿಳ್ಳೆ ಹಾಕುವ ಮಡಿವಾಳ ಹಕ್ಕಿ, ಹಾಲಕ್ಕಿಯ ಸಂಜೆಯ ಜಗಳ, ಎರಡು ಬಗೆಯ ಪಿಕಳಾರಗಳು ಕೂಡ ಈ ಮೊದಲ ಪಟ್ಟಿಗೇ ಸೇರುತ್ತವೆ.

ಈ ಪಟ್ಟಿಗೆ ಹಕ್ಕಿಯಲ್ಲದ ಒಂದು ಪ್ರಾಣಿಯನ್ನೂ ಸೇರಿಸಲೇಬೇಕು, ಅದು ಅಳಿಲು. ಬೆಕ್ಕನ್ನೋ ಹದ್ದನ್ನೋ ಕಂಡಾಗ ಅದು ಬಾಲ ಕುಣಿಸುತ್ತ ‘ಚಿಪ್ ಚಿಪ್ ಚಿಪ್’ ಎಂದು ನಿಮಿಷಗಟ್ಟಲೆ ಕೂಗುವ ರೀತಿ ಹಕ್ಕಿಯದೇ ದನಿಯೆಂಬಂತೆ ಕೇಳುತ್ತದೆ. ಆರಂಭದ ದಿನಗಳಲ್ಲಿ ನಾನು ಲಾಲ್‌ಬಾಗಿನಲ್ಲಿ ಅರ್ಧ ಗಂಟೆ ಕತ್ತು ನೋಯಿಸಿಕೊಂಡು ಹುಡುಕಿದ ‘ಅಪರೂಪದ ಹಕ್ಕಿ’ಗೆ ಕೊನೆಗೆ ಮೂರು ಪಟ್ಟೆಗಳೂ ಒಂದು ಬಾಲವೂ ಇದ್ದುವು.

ಹೊಸ ದನಿ ಕೇಳಿದಾಗ ಅದನ್ನು ಕೂಡಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮನೆಗೆ ಮರಳಿ ಧ್ವನಿಮುದ್ರಣಗಳನ್ನು ಕೇಳತೊಡಗಿದರೆ ಮೂಲದ ನೆನಪು ಅಳಿಸಿಹೋಗಿ, ಕೊನೆಯದಾಗಿ ಕೇಳಿದ್ದೇ ಸರಿಯೆನ್ನಿಸುತ್ತದೆ. ಬರೆಯುವುದಕ್ಕೆ ಕನ್ನಡದಷ್ಟು ಅನುಕೂಲವಾದ ಸಾಧನ ಬೇರೆ ಬೇಕಿಲ್ಲ. ಚಟಚಟ, ಕಿಚಿಕಿಚಿ, ಗುಟುರು ಎಂಬ ನಮ್ಮ ಅನುಕರಣ ಶಬ್ದಗಳು ದನಿಯ ಮೈಯನ್ನು ಹಿಡಿಯುತ್ತವೆ; ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಕಲಿತ ಲಘು-ಗುರು ಚಿಹ್ನೆಗಳು ಅದರ ನಡೆಯನ್ನು ಹಿಡಿಯುತ್ತವೆ. ಕೋಗಿಲೆಯ ಕರೆ ಒಂದು ಲಘು, ಒಂದು ಗುರು. ಪ್ರತಿ ಸಲವೂ ಶ್ರುತಿ ಒಂದಿಷ್ಟು ಮೇಲೇರುವುದನ್ನು ಒಂದು ಓರೆಗೆರೆಯಿಂದ ತೋರಿಸಬಹುದು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವ ನಿಯಮವನ್ನು ಮಾತ್ರ ಇಲ್ಲಿ ಮರೆಯಬೇಕು: ಕುಟ್ರು ಹಕ್ಕಿ ಛಂದಸ್ಸು ಓದಿಲ್ಲ, ಅದರ ‘ಕು’ ಚಿಕ್ಕದೇ. ಇವುಗಳ ಜೊತೆಗೆ ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಕೂಗಿತು, ಕೂಗು ಏರಿತೋ ಇಳಿಯಿತೋ, ಥಟ್ಟನೆ ನಿಂತಿತೋ ಕ್ರಮೇಣ ಕರಗಿತೋ, ದನಿ ನೆಲದಿಂದ ಬಂತೋ ಪೊದೆಯಿಂದಲೋ ಮರದ ತುದಿಯಿಂದಲೋ ಎಂಬಿಷ್ಟನ್ನು ಗುರುತು ಹಾಕಿಕೊಂಡರೆ ಮುಂದಿನ ಕೆಲಸ ಬಹಳ ಸುಲಭವಾಗುತ್ತದೆ.

ದನಿಗಳನ್ನು ಸೋಸುವ ಮೊದಲ ಜರಡಿಯಾದ ಈ ಟಿಪ್ಪಣಿ ಹೇಗೆ ನೆರವಾಗುತ್ತದೆಂಬುದಕ್ಕೆ ಚಾಣ ಕೋಗಿಲೆ ಒಳ್ಳೆಯ ಉದಾಹರಣೆ. ಮಳೆಗಾಲದ ಮುಂಚಿನ ದಿನಗಳಲ್ಲಿ, ಕೆಲವೊಮ್ಮೆ ನಡುರಾತ್ರಿಯಲ್ಲೂ, ಇದರ ಕೂಗು ಕೋಗಿಲೆಯದರಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಕೇಳುವವರಿಗೆ ಇನ್ನೇನು ಗಂಟಲು ಒಡೆದೇಹೋಯಿತು ಎನ್ನಿಸುವ ಹೊತ್ತಿಗೆ ನಿಂತು, ಮತ್ತೆ ಕೆಳಗಿನಿಂದ ಶುರುವಾಗುತ್ತದೆ. ಏರಿಕೆಯೊಂದನ್ನೇ ಗಮನಿಸಿದವರು ಕೋಗಿಲೆಯೆಂದು ಸುಮ್ಮನಾಗುತ್ತಾರೆ. ಆದರೆ ಕೋಗಿಲೆಯ ಕರೆಗೆ ಎರಡು ಅಕ್ಷರ, ಚಾಣ ಕೋಗಿಲೆಯ ‘ಪೀ-ಪೀ-ಹಾ’ಕ್ಕೆ ಮೂರು.

ಎರಡನೆಯ ಜರಡಿ ಋತುವಿನದು. ನವರಂಗವು ಹಿಮಾಲಯದ ತಪ್ಪಲಲ್ಲಿಯೂ ಮಧ್ಯಭಾರತದಲ್ಲಿಯೂ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ಅಕ್ಟೋಬರ್-ನವೆಂಬರಿನಲ್ಲಿ ಬೆಂಗಳೂರನ್ನು ಹಾದುಹೋಗುವಾಗ ಬಳಲಿದ ಹಕ್ಕಿ ಮನೆಯಂಗಳಕ್ಕೇ ಬಂದಿಳಿಯುವುದೂ ಉಂಟು. ತರಗೆಲೆಗಳ ನಡುವೆ ಕುಪ್ಪಳಿಸುವ ಇದನ್ನು ಕಾಣುವುದು ಕಷ್ಟ, ಕೇಳುವುದು ಸುಲಭ: ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಸ್ಪಷ್ಟವಾದ ಎರಡು ಸ್ವರಗಳ ಸಿಳ್ಳೆ, ‘ವೀಟ್-ಟ್ಯೂ’. ಅಷ್ಟು ನಿಯತವಾಗಿ ಕೂಗುವುದರಿಂದ ತಮಿಳಿನಲ್ಲಿ ಇದಕ್ಕೆ ಆರು ಗಂಟೆಯ ಹಕ್ಕಿ ಎಂಬ ಹೆಸರೇ ಇದೆ. ಅದೇ ಸಿಳ್ಳೆಯನ್ನು ಜೂನ್ ತಿಂಗಳಲ್ಲಿ ಜಯನಗರದ ರಸ್ತೆಯಲ್ಲಿ ಕೇಳಿದೆವೆಂದರೆ ಮೊದಲು ಅನುಮಾನಿಸಬೇಕಾದದ್ದು ನಮ್ಮ ಕಿವಿಯನ್ನು.

ಚಳಿಗಾಲದ ಉಲಿಯಕ್ಕಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮರದ ಮೇಲ್ತುದಿಯಲ್ಲಿ ‘ಚಿಸ್ವಿ’ ಎಂದು ಎರಡಕ್ಷರ ನುಡಿಯುವ ಹಸಿರು ಉಲಿಯಕ್ಕಿ, ಪೊದೆಯ ಬುಡದಲ್ಲಿ ನಾಲಗೆ ಲೊಚಗುಟ್ಟಿದಂತೆ ‘ಚೆಕ್’ ಎನ್ನುವ ಬ್ಲೈತನ ಜೊಂಡು ಉಲಿಯಕ್ಕಿ, ಎರಡೂ ಇಲ್ಲಿ ಹೆಚ್ಚಾಗಿ ಕರೆಯನ್ನಷ್ಟೇ ಹೊರಡಿಸುತ್ತವೆ. ಹಾಡು ಜೋಡಿಯನ್ನು ಒಲಿಸುವುದಕ್ಕೂ ನೆಲೆಯನ್ನು ಕಾಯುವುದಕ್ಕೂ ಇರುವಂಥದು. ಅದು ಮರಿಮಾಡುವ ಉತ್ತರದ ನಾಡುಗಳಲ್ಲಿ ಪೂರ್ಣವಾಗಿ ಕೇಳುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಧ್ವನಿಮುದ್ರಣಗಳು ಅಲ್ಲಿನ ಹಾಡುಗಳಾದ್ದರಿಂದ, ಅವನ್ನು ಕೇಳಿ ಇಲ್ಲಿ ಹುಡುಕಿದರೆ ಹಕ್ಕಿ ತಲೆಯ ಮೇಲೆಯೇ ಇದ್ದರೂ ಸಿಗುವುದಿಲ್ಲ. 2005ರಿಂದ ಲೋಕದ ಹಕ್ಕಿದನಿಗಳನ್ನು ಸಂಗ್ರಹಿಸುತ್ತಿರುವ ಕ್ಸೆನೋ-ಕ್ಯಾಂಟೋ ತಾಣದಲ್ಲಿ ದೇಶ, ತಿಂಗಳು ಮತ್ತು ದನಿಯ ಬಗೆಯನ್ನು ನೋಡಿ, ಭಾರತದಲ್ಲಿ ಚಳಿಗಾಲದಲ್ಲಿ ಮುದ್ರಿಸಿದ ‘ಕರೆ’ಗಳನ್ನೇ ಆರಿಸಿ ಕೇಳಬೇಕು.

ಮೂರನೆಯದು ಸ್ಥಳ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನೆಲಗುಬ್ಬಿಯ ಬಳಗದ ಹಕ್ಕಿಗಳನ್ನು ದನಿಯಿಂದ ಮಾತ್ರವೇ ಬೇರ್ಪಡಿಸುವುದು ಕಠಿನ. ಹಾಡುತ್ತ ಮೇಲೇರಿತೋ, ರೆಕ್ಕೆ ಎತ್ತಿ ಕಾಲು ಇಳಿಬಿಟ್ಟು ತೇಲುತ್ತ ಇಳಿಯಿತೋ ಎಂಬುದನ್ನು ಹಾಡಿನೊಡನೆಯೇ ಬರೆದುಕೊಳ್ಳಬೇಕು. ಕತ್ತಲಾದ ಮೇಲೆ ನಗರದಂಚಿನ ಕುರುಚಲು ಬಯಲಿನಲ್ಲಿ, ಗೋಲಿಯೊಂದು ಕಲ್ಲುಹಾಸಿನ ಮೇಲೆ ಬಿದ್ದು ಪುಟಿಯುತ್ತ ಪುಟಿಯುತ್ತ ನಿಂತಂತೆ ಕೇಳಿದರೆ ಅದು ನತ್ತಿಂಗವೆಂಬ ಇರುಳುಹಕ್ಕಿ. ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಯಿದು. ಅದೇ ಪೊದೆಗಳಲ್ಲಿ ಬೇರೆ ಪಿಕಳಾರಗಳೂ ಇರುತ್ತವೆ, ಎಲ್ಲವುಗಳ ದನಿಗೂ ಒಂದೇ ಮನೆತನದ ಛಾಯೆ. ಇಲ್ಲಿ ಕಿವಿ ದಾರಿ ತೋರಿಸಬಹುದೇ ಹೊರತು, ಹಳದಿ ಕೊರಳನ್ನು ಕಣ್ಣಾರೆ ಕಾಣುವ ತನಕ ಹೆಸರು ಬರೆಯಬಾರದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಮೋಸ ಹೋಗುವ ಸಂದರ್ಭ ಒಂದಿದೆ. ಭೀಮರಾಜ, ಎಲೆಹಕ್ಕಿ, ಕಳಿಂಗ ಇವು ನೆರೆಹೊರೆಯ ಹಕ್ಕಿಗಳ ದನಿಯನ್ನು ಕದ್ದು ತಮ್ಮ ಹಾಡಿನಲ್ಲಿ ಪೋಣಿಸುತ್ತವೆ; ಕಾಜಾಣವು ಬಿಜ್ಜು ಎಂಬ ಬೇಟೆಹಕ್ಕಿಯ ಕೂಗನ್ನು ಅನುಕರಿಸುವುದುಂಟು. ಒಂದೇ ಕೊಂಬೆಯಿಂದ ಐದು ನಿಮಿಷದಲ್ಲಿ ನಾಲ್ಕು ಜಾತಿಯ ಹಕ್ಕಿಗಳು ಒಂದಾದ ಮೇಲೊಂದರಂತೆ ಕೂಗಿದುವೆಂದು ತೋರಿದರೆ, ಅಲ್ಲಿ ಇರುವುದು ಒಂದೇ ಹಕ್ಕಿಯೆಂದು ತಿಳಿದು ಅದು ಹೊರಬರುವವರೆಗೆ ಕಾಯಬೇಕು.

ಫೋನಿನಲ್ಲಿ ಮುದ್ರಿಸಿಕೊಳ್ಳುವುದಾದರೆ ಸೂರ್ಯೋದಯದ ಆಸುಪಾಸೇ ಒಳ್ಳೆಯದು. ಏಳೂವರೆಯ ನಂತರ ವಾಹನಗಳ ಮೊರೆತ ಕೆಂಬೂತದಂಥ ತಗ್ಗಿನ ದನಿಗಳನ್ನು ನುಂಗಿಬಿಡುತ್ತದೆ. ಕನಿಷ್ಠ ಅರ್ಧ ನಿಮಿಷ ಅಲುಗಾಡದೆ ಹಿಡಿದು, ಕೊನೆಯಲ್ಲಿ ಸ್ಥಳ, ಸಮಯಗಳನ್ನು ಬಾಯಲ್ಲೇ ಹೇಳಿ ಮುಗಿಸಬಹುದು. ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯದ ಮರ್ಲಿನ್ ಆ್ಯಪ್‌ನಲ್ಲಿ 2021ರಿಂದ ದನಿ ಗುರುತಿಸುವ ಸೌಲಭ್ಯವಿದೆ. ನಾನೂ ಬಳಸುತ್ತೇನೆ, ಆದರೆ ನನ್ನ ಟಿಪ್ಪಣಿ ಮುಗಿದ ಮೇಲೆ. ಅದು ಕೊಡುವ ಹೆಸರು ಸಲಹೆ ಮಾತ್ರ, ಅನುಕರಿಸುವ ಹಕ್ಕಿಯ ಮುಂದೆ ಅದೂ ನಮ್ಮಂತೆಯೇ ಎಡವಬಲ್ಲದು. ಅದರ ಪರದೆಯ ಮೇಲೆ ಸರಿಯುವ ಧ್ವನಿಚಿತ್ರವೇ ಹೆಸರಿಗಿಂತ ಹೆಚ್ಚು ಕಲಿಸುತ್ತದೆ: ಸಿಳ್ಳೆ ತೆಳುವಾದ ಗೆರೆಯಾಗಿ, ಚಟಪಟ ಸದ್ದು ನಿಂತ ಕಡ್ಡಿಗಳ ಸಾಲಾಗಿ, ಏರುವ ಕರೆ ಏರುವ ಗೆರೆಯಾಗಿ ಕಾಣಿಸುತ್ತದೆ.

ಮುದ್ರಿಸಿದ ದನಿಯನ್ನು ಹಕ್ಕಿಯ ಎದುರು ಜೋರಾಗಿ ನುಡಿಸಿ ಅದನ್ನು ಹೊರಗೆಳೆಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ತನ್ನ ನೆಲೆಗೆ ಎದುರಾಳಿ ಬಂದನೆಂದು ತಿಳಿದ ಹಕ್ಕಿ ಮೇವು, ಮರಿಗಳನ್ನು ಬಿಟ್ಟು ಹೋರಾಟಕ್ಕೆ ನಿಲ್ಲುತ್ತದೆ. ವಲಸೆಯಲ್ಲಿ ದಣಿದು ಬಂದ ನವರಂಗಕ್ಕಂತೂ ಆ ಶ್ರಮ ಬೇಡವೇ ಬೇಡ. ಹೆಸರು ಸಿಗದ ದನಿಯನ್ನು ಪ್ರಸ್ತಾರ, ತಾರೀಖು, ಮರದ ಹೆಸರುಗಳೊಂದಿಗೆ ‘ಗುರುತಾಗಿಲ್ಲ’ ಎಂದೇ ಬರೆದಿಟ್ಟು, ಮರುದಿನ ಅದೇ ಹೊತ್ತಿಗೆ, ಆಗಲೂ ಸಿಗದಿದ್ದರೆ ಮರುವರ್ಷ ಅದೇ ವಾರದಲ್ಲಿ, ಅದೇ ಮರದ ಕೆಳಗೆ ಹೋಗಿ ನಿಲ್ಲಬೇಕು.