ಸ್ಕೈರಿಮ್ ಅಪ್‌ಡೇಟ್: ಮಾಡ್‌ಗಳನ್ನೆಲ್ಲ ಕಿತ್ತುಹಾಕದೆ 1.6.1170ಕ್ಕೆ ಬಂದ ಬಗೆ

ನೂರಾರು ಮಾಡ್ (ಆಟಕ್ಕೆ ಅಭಿಮಾನಿಗಳು ಮಾಡಿದ ಬದಲಾವಣೆ) ತುಂಬಿರುವ ಸ್ಕೈರಿಮ್ ಸ್ಪೆಷಲ್ ಎಡಿಶನ್ ಎಂಬ ವಿಡಿಯೊ ಗೇಮ್ ಅಪ್‌ಡೇಟ್ ಆಯಿತೆಂದರೆ ಎಲ್ಲವೂ ಕೆಟ್ಟುಹೋಯಿತು ಅಂತಲ್ಲ. ಟೆಕ್ಸ್ಚರ್ (ಮೇಲ್ಮೈ ಚಿತ್ರ), ಮೆಶ್ (3ಡಿ ಆಕೃತಿ), ಸಂಗೀತದ ಮಾಡ್‌ಗಳಿಗೆ ಆಟದ ಆವೃತ್ತಿ ಯಾವುದಾದರೇನು? ಆಟದ ವಸ್ತು, ಪಾತ್ರಗಳ ಮಾಹಿತಿ ಇರುವ ಇಎಸ್‌ಪಿ ಪ್ಲಗಿನ್‌ಗಳೂ ಬಹುಪಾಲು ಹಾಗೆಯೇ. ಕೈಕೊಡುವುದು ಡಿಎಲ್‌ಎಲ್ (ಆಟದೊಳಗೆ ಓಡುವ ಕೋಡ್ ಫೈಲ್) ಇರುವ ಮಾಡ್‌ಗಳು. ಅವು ಆಟದ ಎಕ್ಸ್‌ಇ (ಆಟವನ್ನು ಓಡಿಸುವ ಮುಖ್ಯ ಫೈಲ್) ಒಳಗಿನ ವಿಳಾಸಗಳನ್ನು ಹಿಡಿದು ಕೆಲಸ ಮಾಡುತ್ತವೆ. ಎಕ್ಸ್‌ಇ ಬದಲಾದರೆ ಆ ವಿಳಾಸಗಳೂ ಅದಲುಬದಲಾಗುತ್ತವೆ. 1.5.97ರಿಂದ 1.6.1170ಕ್ಕೆ ಬರುವಾಗ ನಾನು ಬದಲಿಸಿದ್ದು ಹೆಚ್ಚುಕಡಿಮೆ ಈ ಡಿಎಲ್‌ಎಲ್ ಮಾಡ್‌ಗಳನ್ನಷ್ಟೇ.

ಮೊದಲು ಬ್ಯಾಕಪ್. ಮಾಡ್‌ಗಳನ್ನು ನಿರ್ವಹಿಸುವ ಮಾಡ್ ಆರ್ಗನೈಸರ್ 2 ತಂತ್ರಾಂಶ ಬಳಸುವವರ ಮಾಡ್‌ಗಳು ಡೇಟಾ ಫೋಲ್ಡರ್‌ನಲ್ಲಿ ಇರುವುದಿಲ್ಲ, ಹಾಗಾಗಿ ಆಟದ ಫೋಲ್ಡರನ್ನು ಇಡಿಯಾಗಿ ಬೇರೆ ಕಡೆ ಕಾಪಿ ಮಾಡಿಟ್ಟರೆ ಹಳೆಯ ಆವೃತ್ತಿಗೆ ಮರಳುವ ದಾರಿ ಉಳಿಯುತ್ತದೆ. ಆರ್ಗನೈಸರ್‌ನ ಪ್ರೊಫೈಲನ್ನೂ (ಯಾವ ಮಾಡ್ ಆನ್ ಎಂಬ ಪಟ್ಟಿ) ಕಾಪಿ ಮಾಡಿ, ಹೊಸ ಪ್ರೊಫೈಲ್‌ನಲ್ಲೇ ಕೆಲಸ ಮಾಡಿ. ಸೇವ್ ತೆಗೆದಿಡುವಾಗ ಇಎಸ್‌ಎಸ್ ಫೈಲ್ (ಆಟದ ಸೇವ್) ಒಂದೇ ಸಾಲದು, ಅದೇ ಹೆಸರಿನ ಎಸ್‌ಕೆಎಸ್‌ಇ (ಡಿಎಲ್‌ಎಲ್ ಮಾಡ್‌ಗಳನ್ನು ಆಟಕ್ಕೆ ಲೋಡ್ ಮಾಡುವ ಸ್ಕ್ರಿಪ್ಟ್ ಎಕ್ಸ್‌ಟೆಂಡರ್) ಫೈಲ್ ಕೂಡ ಬೇಕು. ಡಿಎಲ್‌ಎಲ್ ಮಾಡ್‌ಗಳು ತಮ್ಮ ಲೆಕ್ಕ ಬರೆದಿಡುವುದು ಅದರಲ್ಲೇ.

ಯಾವ ಮಾಡ್‌ನಲ್ಲಿ ಡಿಎಲ್‌ಎಲ್ ಇದೆ ಅಂತ ನೆನಪಿನಿಂದ ಪಟ್ಟಿ ಮಾಡಲು ಹೋಗಬೇಡಿ. ಆರ್ಗನೈಸರ್‌ನ ಬಲಗಡೆಯ ಡೇಟಾ ಟ್ಯಾಬ್ ತೆರೆದು ಎಸ್‌ಕೆಎಸ್‌ಇ, ಅದರೊಳಗೆ ಪ್ಲಗಿನ್ಸ್ ಫೋಲ್ಡರ್ ಬಿಡಿಸಿ. ಪ್ರತಿ ಫೈಲ್ ಯಾವ ಮಾಡ್‌ನದು ಎಂದು ಪಕ್ಕದ ಕಾಲಂನಲ್ಲೇ ಇರುತ್ತದೆ. ನಿಮ್ಮ ಕೆಲಸದ ಪಟ್ಟಿ ಅದೇ.

ಆಮೇಲೆ ಎಸ್‌ಕೆಎಸ್‌ಇ. 1.6.1170ಕ್ಕೆ ಬೇಕಾದದ್ದು 2.2.6. ಲೋಡರ್ ಮತ್ತು ಡಿಎಲ್‌ಎಲ್ ಆಟದ ಮುಖ್ಯ ಫೋಲ್ಡರ್‌ಗೆ ಹೋಗುತ್ತವೆ. ಡಿಎಲ್‌ಎಲ್ ಹೆಸರಿನಲ್ಲೇ 1_6_1170 ಎಂದಿರುತ್ತದೆ, ನೋಡಿಕೊಳ್ಳಿ. ಹಲವರು ಇಲ್ಲಿಗೇ ನಿಲ್ಲಿಸಿ ಸ್ಕ್ರಿಪ್ಟ್ಸ್ ಫೋಲ್ಡರ್ ಮರೆಯುತ್ತಾರೆ. ಹಳೆಯ ಪೆಕ್ಸ್ (ಸ್ಕ್ರಿಪ್ಟ್) ಫೈಲ್‌ಗಳು ಉಳಿದರೆ ಆಟವೇನೋ ತೆರೆಯುತ್ತದೆ, ಆದರೆ ಮೆನುಗಳನ್ನು ಬದಲಿಸುವ ಸ್ಕೈಯುಐ ಮಾಡ್ ತಕರಾರು ತೆಗೆಯುತ್ತದೆ.

ಆ ವಿಳಾಸಗಳನ್ನು ಡಿಎಲ್‌ಎಲ್‌ಗಳಿಗೆ ಹುಡುಕಿಕೊಡುವ ಅಡ್ರೆಸ್ ಲೈಬ್ರರಿ ಎಂಬ ಮಾಡ್‌ನ ಎಇ (ಆ್ಯನಿವರ್ಸರಿ ಎಡಿಶನ್, ಅಂದರೆ 1.6 ಸರಣಿಯ) ಆವೃತ್ತಿ ಹಾಕಿದ ಮಾತ್ರಕ್ಕೆ ಹಳೆಯ ಡಿಎಲ್‌ಎಲ್‌ಗಳು ಸರಿಹೋಗುತ್ತವೆ ಎಂಬುದು ಅರ್ಧ ಸತ್ಯ. 1.6.629ರಲ್ಲಿ ಆಟದ ಒಳರಚನೆಯೇ ಕೆಲವು ಕಡೆ ಬದಲಾಯಿತು. ವಿಳಾಸ ಸರಿಯಾಗಿ ಸಿಕ್ಕರೂ ಅಲ್ಲಿರುವ ದತ್ತಾಂಶದ ಅಳತೆ ಬೇರೆ. ಅದಕ್ಕೂ ಮೊದಲಿನ ಎಇ ಡಿಎಲ್‌ಎಲ್‌ಗಳನ್ನು ಕಣ್ಣುಮುಚ್ಚಿ ನಂಬಬೇಡಿ.

ಒಂದೊಂದೇ ಮಾಡ್ ಬದಲಿಸುವಾಗ ಆರ್ಗನೈಸರ್ ಮರ್ಜ್ ಅಥವಾ ರಿಪ್ಲೇಸ್ ಎಂದು ಕೇಳುತ್ತದೆ. ನನ್ನ ಮತ ಸದಾ ರಿಪ್ಲೇಸ್‌ಗೆ. ಮರ್ಜ್ ಮಾಡಿದರೆ ಹೊಸದರಲ್ಲಿ ಇಲ್ಲದ ಹಳೆಯ ಫೈಲ್‌ಗಳು ಒಳಗೇ ಉಳಿದು, ಎರಡು ಡಿಎಲ್‌ಎಲ್ ಒಟ್ಟಿಗೆ ಲೋಡ್ ಆಗುವ ಪೇಚು ಬರುತ್ತದೆ. ರಿಪ್ಲೇಸ್‌ನಲ್ಲಿ ನೀವು ತಿದ್ದಿದ ಐಎನ್‌ಐ, ಟಾಮ್ಲ್ (ಸೆಟ್ಟಿಂಗ್) ಫೈಲ್‌ಗಳು ಅಳಿಸಿಹೋಗುತ್ತವೆ, ಅವನ್ನು ಮೊದಲೇ ಬೇರೆ ಮಾಡ್ ಫೋಲ್ಡರ್‌ಗೆ ಎತ್ತಿಡಿ. ಇನ್‌ಸ್ಟಾಲರ್ ಎಸ್‌ಇ (1.5.97) ಬೇಕೋ ಎಇ ಬೇಕೋ ಎಂದು ಕೇಳಿದರೆ ಎಇ ಆರಿಸಿ.

1.5.97ರಿಂದ ಬರುವವರಿಗೆ ಮೀನುಗಾರಿಕೆ, ಸರ್ವೈವಲ್ ಮೋಡ್ ಸೇರಿ ನಾಲ್ಕು ಉಚಿತ ಕ್ರಿಯೇಷನ್ ಕ್ಲಬ್ (ಆಟದ ತಯಾರಕರ ಅಧಿಕೃತ ಹೆಚ್ಚುವರಿ) ಪ್ಲಗಿನ್ ಹೊಸದಾಗಿ ಸೇರಿಕೊಳ್ಳುತ್ತವೆ. ಅಳಿಸಲು ಕೈ ತುರಿಸಬಹುದು, ಆದರೆ ಅಳಿಸಬೇಡಿ. ಆಟದ ದೋಷಗಳನ್ನು ಸರಿಪಡಿಸುವ ಯುಎಸ್‌ಎಸ್‌ಇಪಿ ಮಾಡ್‌ನ ಹೊಸ ಆವೃತ್ತಿಗೆ ಅವು ಬೇಕೇ ಬೇಕು. ಅವುಗಳೊಂದಿಗೆ ನಿಮ್ಮ ಮಾಡ್‌ಗಳ ಜಗಳ ಏನಿದೆ ಎಂದು ಪ್ಲಗಿನ್‌ಗಳನ್ನು ಹೋಲಿಸುವ ಎಸ್‌ಎಸ್‌ಇಎಡಿಟ್ ತಂತ್ರಾಂಶದಲ್ಲಿ ನೋಡಿ.

ಈ ಗಡಿಬಿಡಿಯಲ್ಲೇ ಲೂಟ್ ಎಂಬ ತಂತ್ರಾಂಶದಿಂದ ಲೋಡ್ ಆರ್ಡರ್ (ಪ್ಲಗಿನ್‌ಗಳು ಲೋಡ್ ಆಗುವ ಕ್ರಮ) ಮರುಜೋಡಿಸುವುದು, ಕ್ವೆಸ್ಟ್ ಮಾಡ್‌ಗಳ ಹೊಸ ಆವೃತ್ತಿ ಹಾಕುವುದು ಬೇಡ. ಇಎಸ್‌ಪಿಗೆ ಇಎಸ್‌ಎಲ್ (ಹಗುರ ಪ್ಲಗಿನ್) ಫ್ಲ್ಯಾಗ್ ಹಾಕುವುದಂತೂ ಬೇಡವೇ ಬೇಡ: ಫಾರ್ಮ್ ಐಡಿ (ಆಟದ ಪ್ರತಿ ವಸ್ತುವಿನ ಗುರುತಿನ ಸಂಖ್ಯೆ) ಬದಲಾಗಿ, ಸೇವ್‌ನಲ್ಲಿರುವ ಆ ಮಾಡ್‌ನ ವಸ್ತುಗಳು ಕಾಣೆಯಾಗುತ್ತವೆ.

ಪರೀಕ್ಷೆಗೆ ಹಳೆಯ ಸೇವ್ ಬಳಸಬೇಡಿ. ಮುಖ್ಯ ಮೆನುವಿನಲ್ಲಿ ಕನ್ಸೋಲ್ ತೆರೆದು ಸಿಒಸಿ ರಿವರ್‌ವುಡ್ (coc riverwood) ಎಂದು ಕೊಡಿ, ಸೇವ್ ಇಲ್ಲದೆಯೇ ಆ ಊರಿಗೆ ಹೋಗುತ್ತೀರಿ. ಮೆನು ಬರುವ ಮೊದಲೇ ಆಟ ಬಿದ್ದರೆ ಡಾಕ್ಯುಮೆಂಟ್ಸ್‌ನ ಮೈ ಗೇಮ್ಸ್ ಒಳಗಿರುವ ಎಸ್‌ಕೆಎಸ್‌ಇ ಲಾಗ್ ಓದಿ. ಆವೃತ್ತಿ ಹೊಂದದೆ ತಿರಸ್ಕೃತವಾದ ಡಿಎಲ್‌ಎಲ್ ಹೆಸರು ಅದರಲ್ಲೇ ಇರುತ್ತದೆ. ಲಾಗ್‌ನಲ್ಲಿ ಸುಳಿವಿಲ್ಲದಿದ್ದರೆ ಡಿಎಲ್‌ಎಲ್ ಮಾಡ್‌ಗಳಲ್ಲಿ ಅರ್ಧದಷ್ಟನ್ನು ಆಫ್ ಮಾಡಿ, ಆಟವನ್ನು ಬೀಳಿಸುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋಗಿ. ಒಂದು ಮಾಡ್ ಇನ್ನೊಂದನ್ನು ನಂಬಿಕೊಂಡಿದ್ದರೆ ಎರಡನ್ನೂ ಒಂದೇ ಗುಂಪಿನಲ್ಲಿಡಿ. ರಿವರ್‌ವುಡ್‌ನಲ್ಲಿ ಓಡಾಡಲು ಸಾಧ್ಯವಾದ ಮೇಲೆಯೇ ಹಳೆಯ ಸೇವ್ ತೆರೆದು, ಯಾವುದಾದರೂ ಮನೆಯೊಳಗೆ ಹೋಗಿ, ಸ್ವಲ್ಪ ಹೊತ್ತು ಸ್ಕ್ರಿಪ್ಟ್‌ಗಳು ಓಡಲು ಬಿಟ್ಟು, ಹಳೆಯದರ ಮೇಲೆ ಬರೆಯದೆ ಹೊಸ ಸ್ಲಾಟ್‌ನಲ್ಲಿ ಸೇವ್ ಮಾಡಿ.