ಆರು ಬ್ಲಾಕ್, ಒಂದು ಹಾಸ್ಟೆಲ್, ಒಂದೇ ಡಿಎಚ್‌ಸಿಪಿ ಸರ್ವರ್: ನನ್ನ ಅನುಭವ

"ಬ್ರಾಡ್‌ಕಾಸ್ಟ್ ವಿಲ್ಯಾನ್ ದಾಟಲ್ಲ ಸರ್, ಬ್ಲಾಕ್‌ಗೊಂದು ಸರ್ವರ್ ಇಡಲೇಬೇಕು." ನಮ್ಮ ಕಾಲೇಜಿಗೆ ಬಂದ ಒಬ್ಬ ವೆಂಡರ್ ಹೀಗೆ ಹೇಳಿ, ಸುಮಾರು ಎರಡೂವರೆ ಲಕ್ಷದ ಕೊಟೇಶನ್ ಇಟ್ಟು ಹೋದರು. ಡಿಎಚ್‌ಸಿಪಿ ಅಂದರೆ ಡಿವೈಸ್‌ಗಳಿಗೆ ತಾನಾಗಿ ಐಪಿ ಅಡ್ರೆಸ್ ಹಂಚುವ ವ್ಯವಸ್ಥೆ. ಡಿವೈಸ್ ಆ ಐಪಿಯನ್ನು ಎಲ್ಲರಿಗೂ ಕೂಗಿ, ಅಂದರೆ ಬ್ರಾಡ್‌ಕಾಸ್ಟ್ ಮಾಡಿ ಕೇಳುತ್ತದೆ. ಆ ಕೂಗು ತನ್ನ ವಿಲ್ಯಾನ್ (ನೆಟ್‌ವರ್ಕ್‌ನಲ್ಲಿ ಬೇರೆ ಮಾಡಿಟ್ಟ ಭಾಗ) ದಾಟುವುದಿಲ್ಲ. ಆ ಕೂಗನ್ನು ಸರ್ವರ್‌ಗೆ ದಾಟಿಸುವ ರಿಲೇ ಹಾಕಿದರೆ ಒಂದೇ ಸರ್ವರ್ ಸಾಕು ಅಂತ ನಾನು ಹೇಳಿದೆ. ಮೀಟಿಂಗ್‌ನಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಒಂದು ತಿಂಗಳ ಟೈಮ್ ಕೇಳಿ ಪಡೆದುಕೊಂಡೆ. ಈಗ ಒಂದು ವರ್ಷ ದಾಟಿದೆ. ದಿನಕ್ಕೆ 1,400ರಷ್ಟು ಡಿವೈಸ್‌ಗಳಿಗೆ ಅದೇ ಒಂದು ಸರ್ವರ್ ಐಪಿ ಹಂಚುತ್ತಿದೆ. ಖರ್ಚಾಗಿದ್ದು ಆರು ಸಾವಿರದ ಒಳಗೆ.

ಲ್ಯಾಬ್‌ನಿಂದ ತೆಗೆದುಹಾಕಿದ್ದ ಹಳೆಯ ಡೆಸ್ಕ್‌ಟಾಪ್ ತಂದೆ. ಹೊಸ ಎಸ್‌ಎಸ್‌ಡಿ, ಸ್ವಲ್ಪ ರ್‍ಯಾಮ್, ಒಂದು ಚಿಕ್ಕ ಯುಪಿಎಸ್ ಬ್ಯಾಟರಿ, ಇಷ್ಟಕ್ಕೇ ದುಡ್ಡು ಕೊಟ್ಟಿದ್ದು. ಡೆಬಿಯನ್ ಲಿನಕ್ಸ್ ಮೇಲೆ ಕೀಯಾ ಅನ್ನುವ ಡಿಎಚ್‌ಸಿಪಿ ಸಾಫ್ಟ್‌ವೇರ್ ಹಾಕಿದೆ. ಹಳೆಯ ಐಎಸ್‌ಸಿ ಡಿಎಚ್‌ಸಿಪಿ ನನಗೆ ಕೈಗೆ ಕುಳಿತಿತ್ತು, ಆದರೆ 2022ರ ಕೊನೆಗೆ ಅದರ ಸಪೋರ್ಟ್ ನಿಂತಿತಲ್ಲ, ಹಾಗಾಗಿ ಬಿಟ್ಟೆ. ಕೋರ್‌ನಲ್ಲಿ, ಅಂದರೆ ನೆಟ್‌ವರ್ಕ್‌ನ ನಡುಮಧ್ಯೆ, ಮೊದಲಿನಿಂದಲೂ ವಿಲ್ಯಾನ್‌ಗಳ ನಡುವೆ ದಾರಿ ಕೊಡುವ ಸಿಸ್ಕೊ ಲೇಯರ್-3 ಸ್ವಿಚ್ ಇತ್ತು. ಪ್ರತಿ ವಿಲ್ಯಾನ್ ಇಂಟರ್‌ಫೇಸ್‌ನಲ್ಲಿ ಐಪಿ ಹೆಲ್ಪರ್-ಅಡ್ರೆಸ್ 10.20.1.10 ಅಂತ ಒಂದು ಸಾಲು. ರಿಲೇ ಅಂದರೆ ಇದೇ, ಆ ನಂಬರ್ ನಮ್ಮ ಸರ್ವರ್‌ನ ಐಪಿ. ಕ್ಲೈಂಟ್ ಇರುವ ವಿಲ್ಯಾನ್‌ನಲ್ಲೇ ಹಾಕಬೇಕು, ಸರ್ವರ್ ಕಡೆ ಅಲ್ಲ.

ಮೊದಲ ದಿನ ಲ್ಯಾಬ್‌ನ ಒಂದು ಮೆಷಿನ್‌ಗೂ ಐಪಿ ಬರಲಿಲ್ಲ. ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ನೋಡಿದರೆ ಡಿಸ್ಕವರ್ (ಐಪಿ ಕೇಳುವ ಪ್ಯಾಕೆಟ್) ಬರುತ್ತಿದೆ, ರಿಲೇ ತನ್ನ ಅಡ್ರೆಸ್ ಬರೆಯುವ ಜಾಗವಾದ ಜಿಐಆ್ಯಡರ್‌ನಲ್ಲಿ 10.20.30.1 ಸರಿಯಾಗಿ ಕೂತಿದೆ, ಕೀಯಾ ಆಫರ್ (ಐಪಿ ಕೊಡುವ ಉತ್ತರ) ಕೂಡ ಕಳಿಸುತ್ತಿದೆ. ಆಮೇಲೆ ಅದು ಎಲ್ಲಿ ಹೋಗುತ್ತಿದೆ? ಮೂರು ದಿನ ಇದರಲ್ಲೇ ಹೋಯಿತು. ಸರ್ವರ್‌ನ ಡೀಫಾಲ್ಟ್ ಗೇಟ್‌ವೇ ಫೈರ್‌ವಾಲ್ ಕಡೆ ಇತ್ತು. ಆಫರ್ ಹೋಗುವುದು ಜಿಐಆ್ಯಡರ್ ಅಡ್ರೆಸ್‌ಗೆ, ಅಂದರೆ ಕೋರ್ ಸ್ವಿಚ್‌ನ ಲ್ಯಾಬ್ ವಿಲ್ಯಾನ್ ಐಪಿಗೆ. ಫೈರ್‌ವಾಲ್‌ಗೆ ಆ ಸಬ್‌ನೆಟ್ (ಆ ವಿಲ್ಯಾನ್‌ನ ಐಪಿಗಳ ಗುಂಪು) ಗೊತ್ತೇ ಇಲ್ಲ, ಪ್ಯಾಕೆಟ್ ಅಲ್ಲೇ ಸಾಯುತ್ತಿತ್ತು. ಸರ್ವರ್‌ನಲ್ಲಿ 10.20.0.0/16ಕ್ಕೆ ಕೋರ್ ಕಡೆ ಒಂದು ಸ್ಟ್ಯಾಟಿಕ್ ರೂಟ್ ಹಾಕಿದೆ. ಅರ್ಧ ನಿಮಿಷದಲ್ಲಿ ಲ್ಯಾಬ್ ಪೂರ್ತಿ ಎದ್ದಿತು. ರಿಲೇ ಕೆಲಸ ಮಾಡುತ್ತಿಲ್ಲ ಅಂತ ಯಾರಾದರೂ ಕರೆದರೆ ಈಗ ನಾನು ಮೊದಲು ನೋಡುವುದು ವಾಪಸ್ ದಾರಿಯನ್ನೇ.

ಎರಡನೇ ಪೆಟ್ಟು ಹಾಸ್ಟೆಲ್‌ನಲ್ಲಿ. ಹುಡುಗರು ತಂದಿಡುವ ವೈಫೈ ರೌಟರ್‌ಗಳು ತಾವೇ ಐಪಿ ಹಂಚುತ್ತಿದ್ದವು. ಅದಕ್ಕೆ ಆ್ಯಕ್ಸೆಸ್ ಸ್ವಿಚ್‌ಗಳಲ್ಲಿ (ಡಿವೈಸ್‌ಗಳು ಸೇರುವ ಸ್ವಿಚ್‌ಗಳು) ನಂಬದ ಪೋರ್ಟ್‌ನಿಂದ ಬರುವ ಡಿಎಚ್‌ಸಿಪಿ ಉತ್ತರ ತಡೆಯುವ ಸ್ನೂಪಿಂಗ್ ಆನ್ ಮಾಡಿದೆ, ಕೋರ್ ಕಡೆ ಹೋಗುವ ಅಪ್‌ಲಿಂಕ್‌ಗೆ ಮಾತ್ರ ಟ್ರಸ್ಟ್ ಕೊಟ್ಟೆ. ತಕ್ಷಣ ಹಾಸ್ಟೆಲ್ ಪೂರ್ತಿ ಬಂದ್. ಈ ಸಲ ಸರ್ವರ್‌ಗೆ ಡಿಸ್ಕವರ್ ತಲುಪುತ್ತಲೇ ಇಲ್ಲ. ಸ್ನೂಪಿಂಗ್ ಆನ್ ಆದ ಸ್ವಿಚ್ ಪ್ಯಾಕೆಟ್‌ಗೆ ಆಪ್ಶನ್ 82 (ಅದು ಯಾವ ಪೋರ್ಟ್‌ನಿಂದ ಬಂತು ಅನ್ನುವ ಗುರುತು) ಸೇರಿಸುತ್ತದೆ, ಆದರೆ ಜಿಐಆ್ಯಡರ್ ಸೊನ್ನೆಯೇ ಇರುತ್ತದೆ. ಅಂಥ ಪ್ಯಾಕೆಟ್‌ನ್ನು ಕೋರ್ ನಂಬುವುದಿಲ್ಲ, ಬಿಸಾಕುತ್ತದೆ. ಜಾಸ್ತಿ ಜನ ಆ್ಯಕ್ಸೆಸ್ ಸ್ವಿಚ್‌ನಲ್ಲಿ ಆಪ್ಶನ್ 82 ಸೇರಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ನಾನು ಕೋರ್‌ನ ಹಾಸ್ಟೆಲ್ ವಿಲ್ಯಾನ್‌ನಲ್ಲಿ ರಿಲೇ ಇನ್ಫರ್ಮೇಶನ್ ಟ್ರಸ್ಟೆಡ್ ಕೊಟ್ಟೆ, ಅಂದರೆ ಅಂಥ ಪ್ಯಾಕೆಟ್ ನಂಬು ಅಂತ ಹೇಳಿದೆ. ಯಾವ ಪೋರ್ಟ್‌ನಿಂದ ಯಾರು ಬಂದರು ಅನ್ನುವ ಮಾಹಿತಿ ಸುಮ್ನೆ ಯಾಕೆ ಕಳೆದುಕೊಳ್ಳಬೇಕು ಅಲ್ವಾ? ಅದನ್ನು ಇಟ್ಟುಕೊಂಡು ರೂಮ್‌ಗೆ ಇಂತಿಷ್ಟೇ ಐಪಿ ಅಂತ ಮಾಡಿದ್ದೇನೆ. ಅದಕ್ಕೆ ಕೀಯಾದಲ್ಲಿ ಕ್ಲಾಸ್ (ಡಿವೈಸ್ ವಿಂಗಡಿಸುವ ನಿಯಮ) ಬರೆದ ಬಗೆ ನನ್ನ ಹತ್ತಿರವೇ ಇರಲಿ, ಅದಕ್ಕೆ ಹಲವು ರಾತ್ರಿ ಕೂತಿದ್ದೇನೆ.

ಹಾಸ್ಟೆಲ್‌ನ /24 (ಸುಮಾರು 250 ಐಪಿಗಳ ಸಬ್‌ನೆಟ್) ಬೇಗ ತುಂಬಿತು. ಅದೇ ವಿಲ್ಯಾನ್‌ಗೆ ಸೆಕೆಂಡರಿ ಐಪಿ ಕೊಟ್ಟು ಸ್ಮಾರ್ಟ್-ರಿಲೇ ಪ್ರಯೋಗ ಮಾಡಿದೆ. ಜಿಐಆ್ಯಡರ್‌ನಲ್ಲಿ ಪ್ರೈಮರಿ ಐಪಿ ಇಟ್ಟು ಕಳಿಸಿದ್ದಕ್ಕೆ ಮೂರು ಸಲ ಆಫರ್ ಬರದಿದ್ದರೆ ಸ್ವಿಚ್ ಸೆಕೆಂಡರಿ ಐಪಿ ಇಟ್ಟು ಕಳಿಸುತ್ತದೆ. ಕೆಲಸ ಆಯಿತು, ಆದರೆ ಫೋನ್‌ಗಳು ಕಾಯುವುದು ಜಾಸ್ತಿಯಾಯಿತು. ಅದನ್ನು ತೆಗೆದು ಕೀಯಾದಲ್ಲೇ ಎರಡೂ ಸಬ್‌ನೆಟ್ ಸೇರಿಸಿ ಶೇರ್ಡ್ ನೆಟ್‌ವರ್ಕ್ ಮಾಡಿದೆ. ಇದೇ ಸರಿ ದಾರಿ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾಯಿತು. ಸ್ಟೂಡೆಂಟ್ ವಿಲ್ಯಾನ್‌ನಿಂದ ಸರ್ವರ್ ವಿಲ್ಯಾನ್‌ಗೆ ಎಸಿಎಲ್ (ಟ್ರಾಫಿಕ್ ತಡೆಯುವ ನಿಯಮ) ಹಾಕಿ ಬಂದ್ ಮಾಡಿದ್ದೆ. ಐಪಿ ಸಿಗುತ್ತಿತ್ತು, ಯಾರ ದೂರೂ ಇಲ್ಲ. ಆದರೆ ಲಾಗ್‌ನಲ್ಲಿ 8 ಗಂಟೆಯ ಲೀಸ್ (ಐಪಿ ಇಟ್ಟುಕೊಳ್ಳುವ ಅವಧಿ) 4 ಗಂಟೆ ಕಳೆದಾಗ ರಿನ್ಯೂ ಆಗುವ ಬದಲು 7 ಗಂಟೆ ಕಳೆದ ಮೇಲೆ ಆಗುತ್ತಿತ್ತು. ಅರ್ಧ ಲೀಸ್‌ಗೆ ಕ್ಲೈಂಟ್ ರಿಲೇ ಬಿಟ್ಟು ನೇರ ಸರ್ವರ್‌ಗೇ ಯೂನಿಕಾಸ್ಟ್ ಮಾಡುತ್ತದೆ, ಅದು ಎಸಿಎಲ್‌ಗೆ ಬಡಿಯುತ್ತಿತ್ತು. 87.5 ಪರ್ಸೆಂಟ್‌ಗೆ ಬ್ರಾಡ್‌ಕಾಸ್ಟ್ ಮಾಡಿದಾಗ ರಿಲೇ ಹಿಡಿದುಕೊಳ್ಳುತ್ತಿತ್ತು. ಸರ್ವರ್‌ನ ಯುಡಿಪಿ 67 ಪೋರ್ಟ್‌ಗೆ ದಾರಿ ಬಿಟ್ಟ ಮೇಲೆ ಸರಿಹೋಯಿತು.

ಹೆಲ್ಪರ್ ಹಾಕಿದರೆ ಡಿಎಚ್‌ಸಿಪಿ ಒಂದೇ ಅಲ್ಲ, ಟಿಎಫ್‌ಟಿಪಿ, ಡಿಎನ್‌ಎಸ್, ನೆಟ್‌ಬಯೋಸ್‌ನಂಥ ಬೇರೆ ಸೇವೆಗಳ ಬ್ರಾಡ್‌ಕಾಸ್ಟ್‌ಗಳೂ ಸರ್ವರ್‌ಗೆ ಬರುತ್ತವೆ. ಲ್ಯಾಬ್‌ನ ವಿಂಡೋಸ್ ಮೆಷಿನ್‌ಗಳಿಂದ ನೆಟ್‌ಬಯೋಸ್‌ನ 137, 138 ಪೋರ್ಟ್‌ಗಳ ಪ್ಯಾಕೆಟ್ ಸುರಿಮಳೆ. ಅವೆರಡನ್ನೂ ನೋ ಐಪಿ ಫಾರ್ವರ್ಡ್-ಪ್ರೋಟೊಕಾಲ್ ಕೊಟ್ಟು ನಿಲ್ಲಿಸಿದೆ.

ಉಳಿದ ದುಡ್ಡಿನಲ್ಲಿ ಎರಡು ಆ್ಯಕ್ಸೆಸ್ ಸ್ವಿಚ್ ಬಂದವು. ಮೀಟಿಂಗ್‌ನಲ್ಲಿ ಬೇಡ ಅಂದವರೇ ಈಗ ಹೊಸ ಬ್ಲಾಕ್‌ನ ಪ್ಲಾನ್ ತಂದು ನನ್ನ ಮುಂದೆ ಇಟ್ಟಿದ್ದಾರೆ. ಎರಡನೇ ಸರ್ವರ್‌ಗೆ ಇನ್ನೊಂದು ಹಳೆಯ ಡೆಸ್ಕ್‌ಟಾಪ್ ಕೇಳಿದ್ದೇನೆ. ಅದು ಬಂದರೆ ಪ್ರತಿ ವಿಲ್ಯಾನ್‌ನಲ್ಲೂ ಎರಡನೇ ಹೆಲ್ಪರ್ ಸಾಲು ಬೀಳುತ್ತದೆ. ರಿಲೇ ಎರಡೂ ಸರ್ವರ್‌ಗೆ ಕಾಪಿ ಕಳಿಸುತ್ತದೆ, ಒಂದು ಮಲಗಿದರೆ ಇನ್ನೊಂದು ಉತ್ತರ ಕೊಡುತ್ತದೆ.